ಅಳೆದವರು, ಅಳೆಸಿಕೊಂಡವರು

ಕಳೆದ ಬೇಸಿಗೆಯ ಒಂದು ಭಾನುವಾರ ಆನೆಗೊಂದಿಗೆ ಹೋಗಿಬರೋಣವೆಂದು ಹೊಸಪೇಟೆಯಿಂದ ಹೊರಟೆ. ಕಮಲಾಪುರ ದಾಟಿ, ಮೊಬೈಲಿನ ನಕ್ಷೆ ತೋರಿಸಿದ ಗೆರೆಯನ್ನೇ ನಂಬಿ, ಸ್ಕೂಟರನ್ನು ತಳವಾರಘಟ್ಟಕ್ಕೆ ತಂದು ನಿಲ್ಲಿಸಿದೆ. ನಕ್ಷೆಯ ಗೆರೆ ತುಂಗಭದ್ರೆಯನ್ನು ನಿರಾತಂಕವಾಗಿ ದಾಟಿ ಆಚೆಯ ದಡ ಸೇರಿತ್ತು. ನಾನು ಮಾತ್ರ ಈಚೆಯ ದಡದಲ್ಲಿ ನಿಂತಿದ್ದೆ. ಅಲ್ಲಿ ಸೇತುವೆ ಇಲ್ಲ. ಕಟ್ಟುತ್ತಿದ್ದ ಸೇತುವೆಯೊಂದು ೨೦೦೯ರ ಜನವರಿಯಲ್ಲಿ ಕುಸಿದು ಕೂಲಿಕಾರರನ್ನು ಬಲಿ ತೆಗೆದುಕೊಂಡ ಜಾಗ ಅದು. ಹೊಳೆಯ ಮೇಲ್ಗಡೆ, ಪುರಂದರ ಮಂಟಪದ ಸಮೀಪ, ವಿಜಯನಗರದವರು ಕಟ್ಟಿದ್ದ ಸೇತುವೆಯ ಕಲ್ಲುಕಂಬಗಳು ಮಾತ್ರ ನಿಂತಿವೆ. ಎರಡು ಕಾಲದ ಎರಡು ಸೇತುವೆಗಳು ದಾಟಿಸಲಾರದೆ ಹೋದ ಹೊಳೆಯನ್ನು ಒಂದು ಗೆರೆ ದಾಟಿಬಿಟ್ಟಿತ್ತು!

ದಡದಲ್ಲಿದ್ದ ಹರಿಗೋಲಿನವನು ನನ್ನ ಮುಖ ನೋಡಿ ನಕ್ಕ. "ದಿನಾ ಒಬ್ರಾದ್ರೂ ಬರ್ತಾರ್ರೀ ಸಾರ್, ಬ್ರಿಡ್ಜ್ ಹುಡುಕ್ಕೊಂಡು. ಹತ್ರಿ, ಗಾಡಿನೂ ಹಾಕ್ಕೊಳ್ರಿ" ಎಂದ. ಸ್ಕೂಟರಿನೊಡನೆ ನಾನೂ ಹರಿಗೋಲಿನಲ್ಲಿ ಕುಳಿತೆ. ೧೫೨೦ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದೇ ಹೊಳೆಯ ಇಂಥದೇ ದೋಣಿಯನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಕುದುರೆ ಎತ್ತುಗಳನ್ನೂ ಅದರಲ್ಲಿ ದಾಟಿಸುತ್ತಿದ್ದರಂತೆ. ಆತ ಕಣ್ಣಾರೆ ಕಂಡು ಬರೆದ ದಾರಿ ಐನೂರು ವರ್ಷವಾದರೂ ಸುಳ್ಳಾಗಿಲ್ಲ. ನನ್ನ ಕೈಯಲ್ಲಿದ್ದ ನಕ್ಷೆ, ಯಾರೂ ಬಂದು ನೋಡದ ಕಾರಣಕ್ಕೆ, ಸುಳ್ಳಾಗಿತ್ತು.

ಮರುದಿನ ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ ಬಂದು, "ಸಾರ್, ಎಲ್ಲರೂ ಬರೆಯಬಹುದಾದ ನಕ್ಷೆಯೊಂದಿದೆ. ತಪ್ಪಿದ್ದರೆ ನಾವೇ ತಿದ್ದಬಹುದು. ರಜೆಯಲ್ಲಿ ನಾವು ನಾಲ್ಕು ಜನ ಅದೇ ಕೆಲಸ ಮಾಡುತ್ತಿದ್ದೇವೆ; ನೀವೂ ಬನ್ನಿ" ಎಂದ. ಶಿಷ್ಯನಿಂದ ಪಾಠ ಹೇಳಿಸಿಕೊಳ್ಳುವ ಯೋಗ ಎಲ್ಲ ಮೇಷ್ಟರಿಗೂ ಬರುವುದಿಲ್ಲ. ನಾನು ಹೋದೆ.

ಆ ನಕ್ಷೆಯ ಹೆಸರು ಓಪನ್ ಸ್ಟ್ರೀಟ್ ಮ್ಯಾಪ್. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಇದನ್ನು ಆರಂಭಿಸಿದ. ಅಲ್ಲಿನ ಸರ್ಕಾರಿ ಮೋಜಣಿ ಇಲಾಖೆಯ ನಕ್ಷೆಗಳನ್ನು ಜನ ಹಣ ತೆತ್ತು, ಕಟ್ಟುಪಾಡಿಗೆ ಒಪ್ಪಿ ಬಳಸಬೇಕಾಗಿತ್ತು. ಹಾಗಾದರೆ ನಮ್ಮ ಬೀದಿಯನ್ನು ನಾವೇ ಬರೆದುಕೊಳ್ಳೋಣ ಎಂದು ಹೊರಟ ಕೆಲಸ ಇದು. ಉಪಗ್ರಹಗಳಿಂದ ಸ್ಥಳವನ್ನು ತಿಳಿಸುವ ಯಂತ್ರಕ್ಕೆ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ೨೦೦೦ದ ಮೇ ತಿಂಗಳಲ್ಲಿ ನಿಲ್ಲಿಸಿದ್ದರಿಂದ, ಜೇಬಿನಲ್ಲಿ ಹಿಡಿಸುವ ಯಂತ್ರವೂ ನಡೆದ ದಾರಿಯನ್ನು ಕೆಲವೇ ಮಾರುಗಳ ಅಂತರದಲ್ಲಿ ಸರಿಯಾಗಿ ಹೇಳಬಲ್ಲುದಾಯಿತು. ಇದರ ವ್ಯಾಕರಣ ಸರಳ. ಬಿಂದು, ಬಿಂದುಗಳನ್ನು ಕೂಡಿಸಿದ ಗೆರೆ, ಗೆರೆಗಳನ್ನು ಕೂಡಿಸಿದ ಸಂಬಂಧ, ಇಷ್ಟೆ. ಗೆರೆಗೆ ಗುಣಗಳನ್ನು ಹಚ್ಚುತ್ತಾರೆ: ಡಾಂಬರೋ ಮಣ್ಣೋ, ಕಾಲುದಾರಿಯೋ ಬಂಡಿದಾರಿಯೋ. ಹೆಸರಿಗೆ ಒಂದು ಅಂಕಣ, ಕನ್ನಡದ ಹೆಸರಿಗೆ ಇನ್ನೊಂದು, ಹಳೆಯ ಹೆಸರಿಗೆ ಮತ್ತೊಂದು. ಯಾರು ಯಾವ ದಿನ ಏನನ್ನು ತಿದ್ದಿದರೆಂಬುದು ಅಳಿಯದೆ ಉಳಿಯುತ್ತದೆ. ಬೇರೆ ಕಂಪನಿಯ ನಕ್ಷೆಯನ್ನು ನೋಡಿ ನಕಲು ಮಾಡಬಾರದು ಎಂಬುದು ಮೀರಬಾರದ ನಿಯಮ. ಕಂಡದ್ದನ್ನು ಬರೆ, ಕದ್ದದ್ದನ್ನು ಬರೆಯಬೇಡ!

ಕನ್ನಡದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಹುಡುಗರು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ರೀತಿಯನ್ನು ನೋಡಿದಾಗ ಶಾಸನಗಳ ನೆನಪಾಯಿತು. ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎನ್ನುತ್ತಾರೆ. ದೊಡ್ಡ ದಾರಿ ಹೆಬ್ಬಟ್ಟೆ. ದತ್ತಿ ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನ ಬರೆದವರು ಮೂಡಲಿಗೆ ಹೆಬ್ಬಟ್ಟೆ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು ಎಂಬ ಕ್ರಮದಲ್ಲಿ ನಾಲ್ಕು ದಿಕ್ಕನ್ನೂ ಸುತ್ತಿಬರುತ್ತಾರೆ. ಅದು ಮಾತಿನಲ್ಲಿ ಬರೆದ ನಕ್ಷೆ. ಊರಿನ ಹತ್ತು ಜನ ಕೂಡಿ ನಡೆದು ನೋಡದೆ ಅಂಥ ವಾಕ್ಯ ಹುಟ್ಟುವುದಿಲ್ಲ.

ಈ ಸೀಮೆಯನ್ನು ಕಾಗದದ ಮೇಲೆ ಅಳೆದವರ ಕಥೆ ೧೮೦೦ರಿಂದ ಆರಂಭವಾಗುತ್ತದೆ. ಆ ವರ್ಷ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ದತ್ತಮಂಡಲವೆಂಬ ಹೆಸರು ಬಂದುದು ಹಾಗೆ. ಥಾಮಸ್ ಮನ್ರೋ ೧೮೦೭ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು ಹೊಲಹೊಲವನ್ನೂ ಅಳೆಸಿದ. ರೈತನ ಕಡೆ ಕರುಣೆಯುಳ್ಳ ಅಧಿಕಾರಿ ಎಂದು ಆತನನ್ನು ಜನ ಬಹುಕಾಲ ನೆನೆದರು. ಆದರೂ ಆ ಸರಪಳಿ ಹೊಲಕ್ಕೆ ಬಂದದ್ದು ಕಂದಾಯ ಕಟ್ಟಲು ಎಂಬುದನ್ನು ಮರೆಯುವಂತಿಲ್ಲ.

ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಹಂಪಿಗೆ ಬಂದ. ಹಾಳುಬಿದ್ದ ಪಟ್ಟಣದ ಮೊದಲ ಮೋಜಣಿ ನಕ್ಷೆ ಆತನದು. ಮುಂದೆ ೧೮೧೫ರಲ್ಲಿ ಇಡೀ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದ. ಮೆಕೆಂಜಿಗೆ ನಮ್ಮ ಭಾಷೆಗಳು ಬಾರವು. ಊರೂರಿಗೆ ಹೋಗಿ ಶಾನುಭೋಗರನ್ನೂ ಹಿರಿಯರನ್ನೂ ಮಾತನಾಡಿಸಿ, ಊರಿನ ಹುಟ್ಟು, ಕೆರೆ, ಗುಡಿ, ಗಡಿಗಳ ವಿವರವನ್ನು ಬರೆಸಿ ತಂದವರು ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯ ಮೊದಲಾದ ದೇಶೀಯ ಸಹಾಯಕರು. ಹಾಗೆ ಕೂಡಿಬಂದವೇ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಬೋರಯ್ಯ ೧೮೦೩ರಲ್ಲಿ ತೀರಿಕೊಂಡರು. ಮೆಕೆಂಜಿ ೧೮೨೧ರಲ್ಲಿ ಸತ್ತ ಮೇಲೆ, ಈ ಕೆಲಸವನ್ನು ತಾನು ಮುಂದುವರಿಸುತ್ತೇನೆ, ಹೊಣೆ ಕೊಡಿ ಎಂದು ಲಕ್ಷ್ಮಯ್ಯ ಕೇಳಿಕೊಂಡರು. ಕೊಡಲಿಲ್ಲ. ಸಂಗ್ರಹ ಮೆಕೆಂಜಿಯ ಹೆಸರಿನಲ್ಲಿ ಉಳಿಯಿತು. ಬಿಸಿಲಿನಲ್ಲಿ ನಡೆದ ಕಾಲುಗಳು ಯಾರವೆಂಬುದು ಪಂಡಿತರಿಗಷ್ಟೇ ತಿಳಿದ ಸಂಗತಿಯಾಯಿತು.

ರೈಲು ಬಂದುದು ಇನ್ನೊಂದು ಕಾರಣಕ್ಕೆ. ಧಾತು ಸಂವತ್ಸರದ ಬರ, ಎಂದರೆ ೧೮೭೬ರಿಂದ ೭೮ರವರೆಗಿನ ಮಹಾಕ್ಷಾಮ, ಬಳ್ಳಾರಿ ಸೀಮೆಯನ್ನು ಅಲ್ಲಾಡಿಸಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಒಯ್ಯಲು ದಾರಿಯಿಲ್ಲದೆ ಜನ ಸತ್ತರು. ೧೮೮೦ರ ಕ್ಷಾಮ ಆಯೋಗ ರಕ್ಷಣೆಗಾಗಿ ರೈಲುದಾರಿಗಳು ಬೇಕೆಂದಿತು. ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಗದಗು, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿನವರೆಗೆ ಹಳಿ ಬಿತ್ತು. ಬಳಿಕ ಹೊಸಪೇಟೆಯಿಂದ ಕೊಟ್ಟೂರಿಗೆ ಒಂದು ಕವಲು. ಗುಂಡಾ ರೋಡಿನಿಂದ ಸ್ವಾಮಿಹಳ್ಳಿಗೆ, ತೋರಣಗಲ್ಲಿನಿಂದ ರಣಜಿತ್‌ಪುರಕ್ಕೆ ಅದಿರಿನ ಹಳಿಗಳು. ಬರಕ್ಕೆ ಅನ್ನ ತರಲು ಬಂದ ರೈಲು ಕಾಲಕ್ರಮದಲ್ಲಿ ಬೆಟ್ಟವನ್ನು ಹೊತ್ತು ಹೋಗುವ ರೈಲಾಯಿತು.

ಈ ಹಳಿಗಳನ್ನು ನಕ್ಷೆಯಲ್ಲಿ ಸರಿಯಾಗಿ ಬರೆಯುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಉಪಗ್ರಹದ ಚಿತ್ರದಲ್ಲಿ ಹಳಿಯೂ ಕಾಲುವೆಯೂ ಕೆಲವೆಡೆ ಒಂದೇ ಬಗೆಯ ತೆಳುಗೆರೆಯಾಗಿ ಕಾಣುತ್ತವೆ. ಒಂದು ಸಾವಿರ ಮಿಲಿಮೀಟರಿನ ಮೀಟರ್ ಗೇಜು ಎಲ್ಲಿ ೧೬೭೬ ಮಿಲಿಮೀಟರಿನ ಬ್ರಾಡ್ ಗೇಜಾಯಿತು, ಎಲ್ಲಿ ಹಳಿ ಕಿತ್ತು ಬರಿಯ ಏರಿ ಉಳಿದಿದೆ, ಯಾವುದು ಪ್ರಯಾಣಿಕರ ಮಾರ್ಗ, ಯಾವುದು ಗಣಿಯ ಸೈಡಿಂಗು ಎಂಬುದನ್ನು ಹೋಗಿ ನೋಡಿಯೇ ಹೇಳಬೇಕು. ಹೊಸಪೇಟೆ ಕೊಟ್ಟೂರಿನ ನಡುವೆ ಹಲವು ವರ್ಷ ಪ್ರಯಾಣಿಕರ ಗಾಡಿ ಇರಲಿಲ್ಲ. ಕೊಟ್ಟೂರಿನಿಂದಾಚೆ ಹರಿಹರದವರೆಗೆ ಹೊಸ ಹಳಿ ಕೂಡಿದ ಮೇಲೆ, ೨೦೧೯ರಲ್ಲಿ ಹೊಸಪೇಟೆ ಹರಿಹರಗಳ ನಡುವೆ ಗಾಡಿ ಓಡಿತು. ನಮ್ಮ ಹುಡುಗರು ಹಳಿಗುಂಟ ಬರುವ ರಸ್ತೆಯಲ್ಲಿ ಬೈಕು ಓಡಿಸುತ್ತ ಪ್ರತಿಯೊಂದು ಗೇಟನ್ನೂ ಗುರುತು ಹಾಕಿಕೊಂಡರು. ಮುಚ್ಚಿದ ಗೇಟನ್ನು ತೆರೆದ ದಾರಿಯೆಂದು ತೋರಿಸಿದರೆ, ಹೆರಿಗೆಯ ನೋವಿನಲ್ಲಿರುವವಳನ್ನು ಹೊತ್ತ ಆಂಬುಲೆನ್ಸು ಮೈಲಿಗಟ್ಟಲೆ ಹಿಂದಿರುಗಬೇಕಾದೀತು ಎಂದು ಅವರಲ್ಲೊಬ್ಬ ಹೇಳಿದಾಗ, ಇದು ರಜೆಯ ಆಟವಲ್ಲ ಎಂದು ನನಗೆ ಮನವರಿಕೆಯಾಯಿತು.

ಕಂಪ್ಲಿಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಯಿತು. ಕುಮಾರರಾಮನ ತಂದೆ ಕಂಪಿಲರಾಯನೊಡನೆ ಹೆಸರು ಹಂಚಿಕೊಂಡಿರುವ ಆ ಊರಿನ ಕೋಟೆಯ ಬಳಿ ಗಂಗಾವತಿಯ ಕಡೆಗೆ ಹೊಳೆ ದಾಟಿಸುವ ಸೇತುವೆಯಿದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗುತ್ತದೆ. ಆಗ ಎರಡು ದಡದ ಜನರೂ ಬಳಸುದಾರಿ ಹಿಡಿಯಬೇಕು. ನಕ್ಷೆಯಲ್ಲಿ ಸೇತುವೆಯೆಂದು ಬರೆದರೆ ಅರ್ಧ ಸತ್ಯ. ಮುಳುಗುವ ಸೇತುವೆಯೆಂದು ಬರೆದರೆ ಪೂರ್ಣ ಸತ್ಯ. ದಡದ ಚಹದಂಗಡಿಯವನು ನೀರು ಎಲ್ಲಿಯವರೆಗೆ ಏರುತ್ತದೆಂದು ಕಂಬದ ಮೇಲೆ ಬೆರಳಿಟ್ಟು ತೋರಿಸಿದ. ಅವನ ಆ ಬೆರಳಿಗಿಂತ ದೊಡ್ಡ ಪ್ರಮಾಣ ಯಾವ ಕಚೇರಿಯ ಕಾಗದದಲ್ಲಿ ಸಿಕ್ಕೀತು? ಹುಡುಗರು ಅದನ್ನು ಬರೆದುಕೊಂಡರು. ಬೋರಯ್ಯನವರು ಶಾನುಭೋಗರ ಜಗಲಿಯಲ್ಲಿ ಕುಳಿತು ಮಾಡಿದ್ದೂ ಇದನ್ನೇ ಅಲ್ಲವೇ?

ಆ ಅಣೆಕಟ್ಟಿನದೂ ಒಂದು ಅಳತೆಯ ಕಥೆ. ೧೯೪೫ರಲ್ಲಿ ಕೆಲಸ ಮೊದಲಾಗಿ ೧೯೫೩ರಲ್ಲಿ ನೀರು ನಿಂತಿತು. ಅದಕ್ಕೂ ಮೊದಲು ನೀರು ಎಲ್ಲಿಯವರೆಗೆ ಬರುತ್ತದೆಂದು ಅಳೆದು ಕಲ್ಲು ನೆಟ್ಟರು. ಕಲ್ಲಿನ ಒಳಗೆ ತೊಂಬತ್ತರಷ್ಟು ಹಳ್ಳಿಗಳಿದ್ದವು. ನಾರಾಯಣದೇವರಕೆರೆ ಮುಳುಗಿ ಅಲ್ಲಿನ ಜನ ಮರಿಯಮ್ಮನಹಳ್ಳಿ ಸೇರಿದರು. ಕಾಲುವೆಯ ನೀರು ಲಕ್ಷಾಂತರ ಎಕರೆಗೆ ಹಸಿರು ತಂದಿತು, ಕಂಪ್ಲಿಯ ಕಬ್ಬು ಬತ್ತಗಳನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಆದರೆ ಮುಳುಗಿದ ಊರಿನವರ ಕಣ್ಣಿಗೆ ಅಳೆಯಲು ಬಂದವನು ಎಂದರೆ ಊರು ಬಿಡಿಸಲು ಬಂದವನು ಎಂದೇ ಅರ್ಥ.

ಸಂಡೂರಿನಲ್ಲಿ ನಮ್ಮನ್ನು ಈ ಅರ್ಥ ಎದುರುಗೊಂಡಿತು. ಘೋರ್ಪಡೆ ಅರಸರ ಪುಟ್ಟ ಸಂಸ್ಥಾನವಾಗಿದ್ದ ಸಂಡೂರು ೧೯೪೯ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿತು; ೧೯೫೩ರ ಅಕ್ಟೋಬರಿನಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಹಂಪಿಗಳು ಅತ್ತ ಹೋದವು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಗಡಿ ಎಷ್ಟು ಸಲ ಸರಿದರೂ ಬೆಟ್ಟ ಸರಿಯದು ಎಂದು ಹಿಂದೆ ಹೇಳಬಹುದಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಆ ಮಾತೂ ಸುಳ್ಳಾಯಿತು. ಕಬ್ಬಿಣದ ಅದಿರಿಗಾಗಿ ಬೆಟ್ಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಬಳ್ಳಾರಿಯ ಆಚೆ, ಆಂಧ್ರದ ಅಂಚಿನಲ್ಲಿ, ರಾಜ್ಯಗಳ ಗಡಿಯ ಗುರುತೇ ಅಳಿಸಿಹೋಗಿ, ಎಲ್ಲೆ ಯಾವುದೆಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೧೧ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳು ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಕಟ್ಟುಪಾಡುಗಳೊಡನೆ ಮತ್ತೆ ಆರಂಭವಾಯಿತು. ಗಣಿಯ ದಾರಿಗಳು ಮಳೆಗಾಲದ ಹಳ್ಳದಂತೆ ವರ್ಷಕ್ಕೊಮ್ಮೆ ಪಾತ್ರ ಬದಲಿಸುತ್ತವೆ. ಉಪಗ್ರಹದ ಹಳೆಯ ಚಿತ್ರವನ್ನು ನೋಡಿ ಬರೆದವನು ಇಲ್ಲದ ದಾರಿಯನ್ನು ಬರೆದಂತೆಯೇ.

ನಾರಿಹಳ್ಳದ ಹತ್ತಿರದ ಒಂದು ಪುಟ್ಟ ಊರಿನಲ್ಲಿ ಮಣ್ಣಿನ ದಾರಿಯೊಂದನ್ನು ಹಿಡಿದು ಹೋಗುತ್ತಿದ್ದೆವು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಕೂಗಿ ಕೇಳಿದಳು: "ಯಪ್ಪಾ, ಅಳ್ಯಾಕ ಬಂದೀರೇನು? ಗಣಿಯೋರೇನು ನೀವು?"

"ಅಲ್ಲವ್ವಾ, ಮೇಷ್ಟ್ರು ನಾನು. ಇವರು ಕಾಲೇಜಿನ ಹುಡುಗರು. ದಾರಿ ಬರಕೊಳ್ಳಾಕ ಬಂದೀವಿ."

"ಬರಕೊಂಡು ಯಾರಿಗೆ ಕೊಡ್ತೀರಿ?"

"ಎಲ್ಲರಿಗೂ."

"ಎಲ್ಲರಿಗೂ ಅಂದ್ರ ಗಣಿಯೋರಿಗೂ ಕೊಟ್ಟಂಗಾತಲ್ಲ?"

ನಾನು ಸುಮ್ಮನಾದೆ. ಮೂವತ್ತು ಜನ ವಿದ್ವಾಂಸರು ಕೂಡಿದ ಸಭೆಯಲ್ಲೂ ನನಗೆ ಅಂಥ ಪ್ರಶ್ನೆ ಬಂದಿಲ್ಲ. ಕಂದಾಯಕ್ಕಾಗಿ ಸರಪಳಿ, ಅಣೆಕಟ್ಟಿಗಾಗಿ ಕಲ್ಲು, ಅದಿರಿಗಾಗಿ ಗೂಟ: ಇನ್ನೂರು ವರ್ಷಗಳಿಂದ ಈ ಸೀಮೆಗೆ ಅಳೆಯಲು ಬಂದವರು ಬಹುಪಾಲು ಏನನ್ನಾದರೂ ಒಯ್ಯಲು ಬಂದವರೇ. ನಾವು ಒಯ್ಯಲು ಬಂದವರಲ್ಲ ಎಂದು ಆಕೆ ಯಾವ ಆಧಾರದಿಂದ ನಂಬಬೇಕು? ಮುಕ್ತವಾದದ್ದು ಒಳ್ಳೆಯವರಿಗೆ ಮಾತ್ರ ಮುಕ್ತವಾಗಿರುವುದಿಲ್ಲ. ಅಂಬುಲೆನ್ಸಿನವನು ಓದುವ ನಕ್ಷೆಯನ್ನು ಮರಳು ಕದಿಯುವವನೂ ಓದುತ್ತಾನೆ.

ಕೊನೆಗೆ ನನ್ನ ಶಿಷ್ಯನೇ ಉತ್ತರ ಹೇಳಿದ. "ಅಜ್ಜಿ, ಗಣಿಯೋರ ಹತ್ರ ಅವರ ನಕ್ಷೆ ಮೊದಲಿಂದ ಐತಿ. ನಿಮ್ಮ ಊರಿನೋರ ಹತ್ರ ಇಲ್ಲ. ನಾಳೆ ಯಾರಾದ್ರೂ ಇಲ್ಲಿ ದಾರೀನ ಇರಲಿಲ್ಲ ಅಂದ್ರ, ಇತ್ತು ಅಂತ ತೋರ್ಸಾಕಾದ್ರೂ ಬೇಕಲ್ಲ?"

ಆಕೆ ಬಹಳ ಹೊತ್ತು ಯೋಚಿಸಿದಳು. ಆಮೇಲೆ, "ಹಂಗಾದ್ರ ಬರಕೊ. ಇದು ಸಂತಿ ದಾರಿ. ನಮ್ಮತ್ತಿ ಕಾಲದಿಂದ ಇದ್ರಾಗ ನಡದೀವಿ" ಎಂದಳು. ಹುಡುಗ ಬರೆದುಕೊಂಡ. ಗುಡ್ಡದ ಮೇಲೆ ಕರಡಿಗಳ ಗವಿಯ ಕಡೆಗೆ ಹೋಗುವ ಕಾಲುದಾರಿಯೊಂದನ್ನು ತೋರಿಸಿ, "ಅದನ್ನ ಬರೀಬ್ಯಾಡ" ಎಂದಳು. ಅದನ್ನು ಬರೆಯಲಿಲ್ಲ. ಏನನ್ನು ಬರೆಯಬಾರದೆಂಬ ತಿಳಿವಳಿಕೆ ಯಾವ ಉಪಗ್ರಹಕ್ಕೂ ಇಲ್ಲ.

ನಮ್ಮ ದೇಶದಲ್ಲಿ ೧೭೬೭ರಲ್ಲಿ ಮೋಜಣಿ ಇಲಾಖೆ ಸ್ಥಾಪನೆಯಾದಂದಿನಿಂದ ಬಹುಕಾಲ ನಕ್ಷೆಯೆಂದರೆ ಸರ್ಕಾರದ ಪೆಟ್ಟಿಗೆಯೊಳಗಿನ ವಸ್ತುವಾಗಿತ್ತು. ೨೦೨೧ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂಪಟಗಳ ಮೇಲಿನ ಕಟ್ಟುಗಳನ್ನು ಬಹಳಷ್ಟು ಸಡಿಲಿಸಿತು. ಅದಕ್ಕೂ ಮೊದಲೇ, ೨೦೧೦ರ ಹೈಟಿಯ ಭೂಕಂಪದಲ್ಲಿ, ೨೦೧೮ರ ಕೇರಳದ ಪ್ರವಾಹದಲ್ಲಿ, ಸಂಬಳವಿಲ್ಲದ ಸಾವಿರಾರು ಕೈಗಳು ಕೆಲವೇ ದಿನಗಳಲ್ಲಿ ಬರೆದ ಮುಕ್ತ ನಕ್ಷೆಗಳು ಪರಿಹಾರದ ಕೆಲಸದವರಿಗೆ ದಾರಿ ತೋರಿಸಿದ್ದವು. ಹೊಸಪೇಟೆಯ ನಾಲ್ಕು ಹುಡುಗರ ಕೆಲಸ ಅದರ ಮುಂದೆ ಅಣುಮಾತ್ರ. ಆದರೂ ಒಂದು ವ್ಯತ್ಯಾಸವನ್ನು ನಾನು ಕಂಡೆ. ಇಲ್ಲಿ ಅಳೆದವರೂ ಅಳೆಸಿಕೊಂಡವರೂ ಒಂದೇ ಸೀಮೆಯವರು. ಬರೆದದ್ದು ತಪ್ಪಾದರೆ ಮುಂದಿನ ಸಂತೆಯ ದಿನ ಬೈಸಿಕೊಳ್ಳಬೇಕಾದವರು.

ಆ ಸಂಜೆ ಹುಡುಗ ತನ್ನ ಕಂಪ್ಯೂಟರಿನಲ್ಲಿ ಗೆರೆ ಎಳೆದು, ಹೆಸರಿನ ಅಂಕಣದಲ್ಲಿ ಕನ್ನಡದಲ್ಲೇ 'ಸಂತೆ ದಾರಿ' ಎಂದು ಬರೆದ. ಆಧಾರವೇನೆಂದು ಕೇಳುವ ಕಡೆ ಸ್ವಲ್ಪ ತಡೆದು, 'ಊರಿನ ಹಿರಿಯರ ಹೇಳಿಕೆ' ಎಂದು ಸೇರಿಸಿದ. ಕೈಫಿಯತ್ತೆಂದರೆ ಏನೆಂದು ನಾನು ಅವನಿಗೆ ಅದುವರೆಗೆ ಹೇಳಿರಲಿಲ್ಲ.

ಮೊನ್ನೆ ಮತ್ತೆ ತಳವಾರಘಟ್ಟಕ್ಕೆ ಹೋಗಿದ್ದೆ. ಹರಿಗೋಲಿನವನಿಗೆ ಮೊಬೈಲು ತೋರಿಸಿ, "ನೋಡಪ್ಪಾ, ಈ ನಕ್ಷೆಯಲ್ಲಿ ನಿನ್ನ ದಾರಿ ಬಂದಿದೆ" ಎಂದೆ. ಹೊಳೆಗೆ ಅಡ್ಡಲಾಗಿದ್ದ ಚುಕ್ಕೆಗೆರೆಯನ್ನು ಅವನು ಕಣ್ಣು ಕಿರಿದು ಮಾಡಿಕೊಂಡು ನೋಡಿದ. "ಸೊಟ್ಟಗೆ ಐತಿ ಸಾರ್. ನೀರು ಜಾಸ್ತಿ ಇದ್ದಾಗ ನಾವು ಹಿಂಗ ಹೋಗಂಗಿಲ್ಲ" ಎಂದ.

ಮುಂದಿನ ಭಾನುವಾರ ತಿದ್ದಬೇಕು.